ಕಡಿಮೆ ಇಂಗಾಲದಲ್ಲಿ ಮಾಂಸ ಬೆಳೆಸುವ ಸಂಶೋಧನೆ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೊಂದು ಪಿಎಚ್‌.ಡಿ. ಮಾರ್ಗದರ್ಶಿ

ಹಾಸನದ ಪಶುವೈದ್ಯಕೀಯ ಕಾಲೇಜು, ಕಾರೇಕೆರೆಯ ಕೃಷಿ ಕಾಲೇಜು, ಹೇಮಗಂಗೋತ್ರಿ, ಹಾಸನ ಮತ್ತು ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳು, ಇವುಗಳಲ್ಲಿ ಓದಿದವರು ಪ್ರಾಣಿಯ ಜೀವಕೋಶಗಳನ್ನು ಪಾತ್ರೆಯಲ್ಲಿ ಬೆಳೆಸಿ ಮಾಂಸ ತಯಾರಿಸುವ ತಂತ್ರಜ್ಞಾನದಲ್ಲಿ ಪಿಎಚ್‌.ಡಿ. ಮಾಡಲು ಬಯಸಿದರೆ ಎಲ್ಲಿಂದ ಶುರುಮಾಡಬೇಕು, ಯಾವ ಕ್ರಮದಲ್ಲಿ ಸಾಗಬೇಕು ಎಂಬುದನ್ನು ಈ ಬರಹದಲ್ಲಿ ವಿವರಿಸಿದ್ದೇನೆ. ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು ಆ ತಂತ್ರಜ್ಞಾನದ ಒಂದು ಮಗ್ಗುಲನ್ನು ಮಾತ್ರ: ಅಂಥ ಮಾಂಸವನ್ನು ಕಡಿಮೆ ಇಂಗಾಲದ ಹೊರೆಯಲ್ಲಿ (ಅಂದರೆ ಕಡಿಮೆ ಹಸಿರುಮನೆ ಅನಿಲ ಹೊರಸೂಸಿ), ಕಾರ್ಖಾನೆಯ ಪ್ರಮಾಣದಲ್ಲಿ ತಯಾರಿಸುವ ಬಗೆ. ಈ ವಿಷಯದ ಪ್ರಬಂಧಗಳಲ್ಲಿ ಇಂಗಾಲದ ಲೆಕ್ಕ ಸಾಮಾನ್ಯವಾಗಿ ಕೊನೆಯ ಅಧ್ಯಾಯದಲ್ಲಿ, ಪ್ರಯೋಗಗಳೆಲ್ಲ ಮುಗಿದ ಮೇಲೆ, ಬಾಲದಂತೆ ಅಂಟಿಕೊಳ್ಳುತ್ತದೆ. ಆ ಕ್ರಮ ತಿರುವುಮುರುವು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಪ್ರಯೋಗ ಮಾಡುವುದು ಸಾರ್ಥಕ ಎಂಬುದನ್ನು ಲೆಕ್ಕವೇ ಮೊದಲು ಹೇಳಬೇಕು.

ಕ್ಷೇತ್ರ ಎಲ್ಲಿಗೆ ಬಂದಿದೆ ಎಂದು ಮೊದಲು ತಿಳಿದುಕೊಳ್ಳಿ

ಇತಿಹಾಸ ಚಿಕ್ಕದು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ 2013ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ಜೀವಕೋಶಗಳಿಂದ ಬೆಳೆಸಿದ ಮೊದಲ ಬರ್ಗರನ್ನು ಸಾರ್ವಜನಿಕರೆದುರು ಇಟ್ಟರು. ಅದಕ್ಕೆ ತಗುಲಿದ ವೆಚ್ಚ ಸುಮಾರು ಎರಡೂವರೆ ಲಕ್ಷ ಯೂರೊ. 2020ರ ಡಿಸೆಂಬರ್‌ನಲ್ಲಿ ಸಿಂಗಪುರ, 2023ರ ಜೂನ್‌ನಲ್ಲಿ ಅಮೆರಿಕ ಇಂಥ ಕೋಳಿ ಮಾಂಸದ ಮಾರಾಟಕ್ಕೆ ಅನುಮತಿ ಕೊಟ್ಟವು. ಇಟಲಿ 2023ರಲ್ಲಿಯೇ ಇದನ್ನು ನಿಷೇಧಿಸಿತು. ನಮ್ಮಲ್ಲಿ ಹೈದರಾಬಾದ್‌ನ ಸಿಸಿಎಂಬಿ (ಜೀವಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ) ಮತ್ತು ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರಗಳಿಗೆ 2019ರಲ್ಲಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು ದೊರೆಯಿತು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2024ರ ಆರಂಭದಲ್ಲಿ ಮೀನಿನ ಮಾಂಸ ಬೆಳೆಸುವ ಯೋಜನೆಗೆ ಕೈಹಾಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಬಯೋಇ3 ಎಂಬ ಜೈವಿಕ ತಂತ್ರಜ್ಞಾನ ನೀತಿಯ ಆದ್ಯತೆಗಳಲ್ಲಿ ಇಂಥ ಮಾಂಸವೂ ಒಳಗೊಂಡ ಸ್ಮಾರ್ಟ್ ಪ್ರೋಟೀನ್ ಕೂಡ ಸೇರಿದೆ. ಸಿನಾಪ್ಸಿಸ್‌ನ (ಸಂಶೋಧನೆಯ ಯೋಜನಾಪತ್ರದ) ಪೀಠಿಕೆಗೆ ಇಷ್ಟು ಸಾಕು. ಈ ಭಾಗವನ್ನು ಹತ್ತಾರು ಪುಟ ಬೆಳೆಸುವವರಿದ್ದಾರೆ, ಅದರಿಂದ ಪ್ರಯೋಜನವಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದ ಓದು ಬೇರೆಯೇ ಇದೆ. ಬೆಳೆಸಿದ ಮಾಂಸದ ಇಂಗಾಲದ ಹೊರೆ ಎಷ್ಟು ಎಂಬ ಬಗ್ಗೆ ಪ್ರಕಟವಾಗಿರುವ ಉತ್ತರಗಳು ಒಂದಕ್ಕೊಂದು ಅಜಗಜಾಂತರ. 2011ರಲ್ಲಿ ಹನ್ನಾ ಟುವೊಮಿಸ್ಟೊ ಮತ್ತು ಅವರ ಸಹಲೇಖಕರು ಮಾಡಿದ ಮೊದಲ ಅಂದಾಜಿನ ಪ್ರಕಾರ ಯುರೋಪಿನ ಮಾಮೂಲಿ ಮಾಂಸಕ್ಕಿಂತ ಇದರ ಹಸಿರುಮನೆ ಅನಿಲ ಶೇ 78ರಿಂದ 96ರಷ್ಟು ಕಡಿಮೆ. 2019ರಲ್ಲಿ ಆಕ್ಸ್‌ಫರ್ಡ್‌ನ ಲಿಂಚ್ ಮತ್ತು ಪಿಯರ್‌ಹಂಬರ್ಟ್ ಬೇರೊಂದು ಪ್ರಶ್ನೆ ಎತ್ತಿದರು: ದನ ಬಿಡುವ ಮೀಥೇನ್ ವಾತಾವರಣದಲ್ಲಿ ಹನ್ನೆರಡು ವರ್ಷದ ಆಸುಪಾಸು ಉಳಿದು ಕರಗುತ್ತದೆ, ಕಾರ್ಖಾನೆಯ ಕರೆಂಟಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಶೇಖರವಾಗುತ್ತಲೇ ಹೋಗುತ್ತದೆ, ಹೀಗಿರುವಾಗ ದೀರ್ಘಕಾಲದಲ್ಲಿ ಯಾವುದು ಮೇಲು? 2023ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ತಂಡವೊಂದು, ಔಷಧ ದರ್ಜೆಗೆ ಶುದ್ಧಗೊಳಿಸಿದ ಮೀಡಿಯಾ (ಜೀವಕೋಶಗಳು ಬೆಳೆಯುವ ಪೋಷಕ ದ್ರವ) ಬಳಸಿದರೆ ಹೊರೆ ದನದ ಮಾಂಸದ್ದಕ್ಕಿಂತ 4ರಿಂದ 25 ಪಟ್ಟು ಹೆಚ್ಚಾಗಬಹುದೆಂದಿತು. ಅದೇ ವರ್ಷ ನೆದರ್ಲೆಂಡ್ಸ್‌ನ ಸಿಂಕೆ ಮತ್ತು ಸಂಗಡಿಗರು, ನವೀಕರಿಸಬಹುದಾದ ಇಂಧನ ಬಳಸಿದರೆ ದನದ ಮಾಂಸಕ್ಕಿಂತ ಬಹಳ ಕಡಿಮೆ, ಕೋಳಿಗೆ ಸರಿಸಮಾನ ಎಂದು ತೋರಿಸಿದರು.

ಈ ನಾಲ್ಕನ್ನು ಪಕ್ಕಪಕ್ಕ ಇಟ್ಟುಕೊಂಡು, ಪ್ರತಿಯೊಂದೂ ಏನನ್ನು ಊಹಿಸಿಕೊಂಡಿದೆ ಎಂದು ಪಟ್ಟಿ ಮಾಡಿ. ಜೀವಕೋಶಕ್ಕೆ ಆಹಾರ ಎಲ್ಲಿಂದ ಬಂತು? 2011ರ ಅಂದಾಜಿನಲ್ಲಿ ಅದು ನೀಲಿಹಸಿರು ಪಾಚಿಯ ಸಾರ. ಅಂಥ ಆಹಾರದಲ್ಲಿ ಮಾಂಸ ಬೆಳೆಸುವ ಕಾರ್ಖಾನೆ ಆಗ ಎಲ್ಲಿಯೂ ಇರಲಿಲ್ಲ. ಮೀಡಿಯಾದ ಶುದ್ಧತೆ ಯಾವ ದರ್ಜೆಯದು? ಕರೆಂಟು ಯಾವ ಮೂಲದ್ದು? ಹೋಲಿಕೆಗೆ ಇಟ್ಟುಕೊಂಡ ಮಾಂಸ ಯಾವುದು? ಪಟ್ಟಿ ಮುಗಿಯುವ ಹೊತ್ತಿಗೆ, ಜೀವಕೋಶದ ಜೀವಶಾಸ್ತ್ರಕ್ಕಿಂತ ಹೆಚ್ಚಾಗಿ ಮೀಡಿಯಾ ಪುಡಿ, ಹಬೆ ಮತ್ತು ಕರೆಂಟು ಈ ಉತ್ತರಗಳನ್ನು ತೀರ್ಮಾನಿಸಿವೆ ಎಂಬುದು ತಾನಾಗಿಯೇ ಕಾಣುತ್ತದೆ.

ಕಾಗದದ ಮೇಲೆ ಒಂದು ಲೆಕ್ಕ ಮಾಡಿ

ಗೈಡ್ ಹುಡುಕುವ ಮುಂಚೆಯೇ ಈ ಲೆಕ್ಕವನ್ನು ನೀವೇ ಕೂತು ಮಾಡಬೇಕು. ಸಾವಿರ ಲೀಟರ್‌ನ ಒಂದು ಬಯೋರಿಯಾಕ್ಟರ್ (ಜೀವಕೋಶ ಬೆಳೆಸುವ ದೊಡ್ಡ ಪಾತ್ರೆ) ಇದೆ ಎಂದುಕೊಳ್ಳಿ. ಅದರಲ್ಲಿ ಪ್ರತಿ ಮಿಲಿಲೀಟರಿಗೆ 1 ಕೋಟಿ ಜೀವಕೋಶಗಳು ಬೆಳೆದರೆ ಒಟ್ಟು 10 ಲಕ್ಷ ಕೋಟಿ ಜೀವಕೋಶಗಳಾಗುತ್ತವೆ. ಹದಿನೆಂಟು ಮೈಕ್ರಾನ್ ವ್ಯಾಸದ ಒಂದು ಜೀವಕೋಶ ಸುಮಾರು 3 ನ್ಯಾನೊಗ್ರಾಂ ತೂಗುತ್ತದೆ. ಗುಣಿಸಿದರೆ ಸಿಗುವುದು 30 ಕೆ.ಜಿ. ಹಸಿ ತೂಕ. ಒಂದು ಟನ್ ನೀರಿಗೆ ಮೂವತ್ತು ಕಿಲೊ ಮಾಂಸ ಎಂಬ ಈ ಅನುಪಾತ ಮನಸ್ಸಿನಲ್ಲಿ ನಿಲ್ಲಬೇಕು, ಮುಂದಿನ ತೊಡಕುಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಆ ಸಾವಿರ ಲೀಟರ್ ದ್ರವವನ್ನು 25 ಡಿಗ್ರಿಯಿಂದ 121 ಡಿಗ್ರಿಗೆ ಕಾಯಿಸಿ ಸ್ಟೆರಿಲೈಸ್ ಮಾಡಬೇಕಾದರೆ, ನೀರಿನ ಉಷ್ಣಧಾರಣೆ ಪ್ರತಿ ಡಿಗ್ರಿಗೆ ಕೆ.ಜಿ.ಗೆ 4.18 ಕಿಲೊಜೂಲ್ ಎಂದು ಹಿಡಿದು, ಸುಮಾರು 401 ಮೆಗಾಜೂಲ್, ಅಂದರೆ 111 ಯೂನಿಟ್ ಶಕ್ತಿ ಬೇಕು. ನಮ್ಮ ದೇಶದ ಗ್ರಿಡ್ಡಿನ ಕರೆಂಟು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಸೂಸುತ್ತದೆ. ವಿದ್ಯುತ್ ಹೀಟರ್ ಬಳಸಿದರೆ ಕಾಯಿಸುವುದೊಂದಕ್ಕೇ 78 ಕೆ.ಜಿ. ಆಯಿತು, ಮೂವತ್ತು ಕಿಲೊ ಮಾಂಸಕ್ಕೆ ಹಂಚಿದರೆ ಕಿಲೊಗೆ 2.6 ಕೆ.ಜಿ. ಇನ್ನೂ ಜೀವಕೋಶಕ್ಕೆ ಒಂದು ತುತ್ತು ಹಾಕಿಲ್ಲ, ಕಲಕುವ ಮೋಟರ್ ತಿರುಗಿಲ್ಲ. ಬಿಸಿಯಾದ ದ್ರವ ತಣ್ಣಗಾಗುವಾಗ ಅದರ ಶಾಖದಿಂದಲೇ ಒಳಬರುವ ದ್ರವವನ್ನು ಕಾಯಿಸಿ ಶೇ 80ರಷ್ಟು ಮರಳಿ ಪಡೆದರೆ ಈ ಅಂಕಿ ಅರ್ಧ ಕಿಲೊಗೆ ಇಳಿಯುತ್ತದೆ. ಹಾಲಿನ ಡೇರಿಯ ಪಾಶ್ಚರೀಕರಣ ಘಟಕದಲ್ಲಿ ನಡೆಯುವುದು ಇದೇ ಶಾಖ ವಿನಿಮಯ. ಹಾಸನದ ವಿದ್ಯಾರ್ಥಿ ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಶಾಖ ತಡೆಯದ ಘಟಕಗಳನ್ನು ಸೂಕ್ಷ್ಮ ಫಿಲ್ಟರ್‌ನಲ್ಲಿ ಸೋಸಿ ಸೇರಿಸುವ ದಾರಿಯೂ ಇದೆ, ಆದರೆ ಆಗ ಬಿಸಾಡುವ ಫಿಲ್ಟರ್‌ಗಳ ಹೊರೆ ಲೆಕ್ಕಕ್ಕೆ ಬರುತ್ತದೆ.

ಎರಡನೆಯ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಲ್ಯಾಬುಗಳಲ್ಲಿ ಎಲ್ಲರೂ ಬಳಸುವ ಡಿಎಂಇಎಂ ಮೀಡಿಯಾದ ಹೆಚ್ಚು ಗ್ಲೂಕೋಸ್ ಇರುವ ಬಗೆಯಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುತ್ತದೆ. ಸಾವಿರ ಲೀಟರಿಗೆ 4.5 ಕೆ.ಜಿ.; ಅದರಲ್ಲಿ ಇಂಗಾಲದ ಪಾಲು ಶೇ 40, ಅಂದರೆ 1.8 ಕೆ.ಜಿ. ಮೂವತ್ತು ಕಿಲೊ ಹಸಿ ಮಾಂಸದಲ್ಲಿ ಕಾಲು ಭಾಗ ಒಣ ಪದಾರ್ಥ, ಅದರಲ್ಲಿ ಅರ್ಧದಷ್ಟು ಇಂಗಾಲ ಎಂದರೆ 3.75 ಕೆ.ಜಿ. ಬೇಕು. ಮೀಡಿಯಾದ ಅಮೈನೊ ಆಮ್ಲಗಳನ್ನು ಕೂಡಿಸಿದರೂ ಒಳಹೋದ ಇಂಗಾಲ ಹೊರಬರಬೇಕಾದ ಇಂಗಾಲಕ್ಕಿಂತ ಕಡಿಮೆ, ಉಸಿರಾಟಕ್ಕೆ ಸುಟ್ಟುಹೋಗುವುದನ್ನು ಇನ್ನೂ ಎಣಿಸಿಯೇ ಇಲ್ಲ. ಹಾಗಾಗಿ ಒಂದು ಸಲ ತುಂಬಿಸಿದ ಮೀಡಿಯಾದಲ್ಲಿ ಈ ಸಾಂದ್ರತೆ ಸಿಗುವುದಿಲ್ಲ. ಗಟ್ಟಿ ಆಹಾರವನ್ನು ನಡುನಡುವೆ ಸೇರಿಸುತ್ತಿರಬೇಕು, ಇಲ್ಲವೇ ಹಳೆಯ ಮೀಡಿಯಾ ತೆಗೆದು ಹೊಸದನ್ನು ಹರಿಸುತ್ತಿರಬೇಕು. ಮೊದಲನೆಯದರಲ್ಲಿ ಜೀವಕೋಶಗಳೇ ಬಿಡುವ ತ್ಯಾಜ್ಯಗಳಾದ ಲ್ಯಾಕ್ಟೇಟ್ ಮತ್ತು ಅಮೋನಿಯಾ ಶೇಖರವಾಗಿ ಜೀವಕೋಶಗಳ ಬೆಳವಣಿಗೆ ಕುಂಠಿತವಾಗುತ್ತದೆ. ಎರಡನೆಯದರಲ್ಲಿ ಮೀಡಿಯಾದ ಖರ್ಚು, ಅದರೊಂದಿಗೆ ಇಂಗಾಲ, ಏರುತ್ತದೆ. ಸಂಶೋಧನೆ ಬೇಕಿರುವುದು ಈ ಇಕ್ಕಟ್ಟಿನಲ್ಲಿಯೇ.

ಪ್ರಶ್ನೆಯನ್ನು ಕಿರಿದು ಮಾಡಿ

"ಸುಸ್ಥಿರ ಮಾಂಸ ತಯಾರಿಕೆ" ಎಂಬುದು ಪಿಎಚ್‌.ಡಿ. ವಿಷಯವಲ್ಲ, ಅದು ಒಂದು ವಿಭಾಗವೇ ಮಾಡಬೇಕಾದ ಕೆಲಸ. ಮೂರ‍್ನಾಲ್ಕು ವರ್ಷದಲ್ಲಿ ಒಬ್ಬರು ಮಾಡಿ ಮುಗಿಸಬಹುದಾದ ಪ್ರಶ್ನೆಯಲ್ಲಿ ಲ್ಯಾಬ್‌ನಲ್ಲಿ ಅಳೆಯಬಹುದಾದ ಒಂದು ಗುಣಾಂಕ ಇರಬೇಕು, ಆ ಗುಣಾಂಕ ಬದಲಾದರೆ ಇಂಗಾಲದ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಸೇವಿಸಿದ ಗ್ಲೂಕೋಸಿಗೆ ಎಷ್ಟು ಲ್ಯಾಕ್ಟೇಟ್ ಉಂಟಾಗುತ್ತದೆ, ಒಂದು ಗ್ರಾಂ ಅಮೈನೊ ಆಮ್ಲಕ್ಕೆ ಎಷ್ಟು ಜೀವಕೋಶ ಸಿಗುತ್ತದೆ, ಬೆಳವಣಿಗೆಯ ಅಂಶಗಳು (ಜೀವಕೋಶ ವೃದ್ಧಿಸುವಂತೆ ಪ್ರಚೋದಿಸುವ ಪ್ರೋಟೀನುಗಳು) 37 ಡಿಗ್ರಿಯಲ್ಲಿ ಎಷ್ಟು ಗಂಟೆ ಕೆಲಸ ಮಾಡುತ್ತವೆ, ಇವೆಲ್ಲ ಅಂಥ ಗುಣಾಂಕಗಳು. ಉದಾಹರಣೆಗೆ, ಎಫ್‌ಜಿಎಫ್2 ಎಂಬ ಬೆಳವಣಿಗೆಯ ಅಂಶ ಮೀಡಿಯಾದಲ್ಲಿ ಒಂದೇ ದಿನದೊಳಗೆ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಶಾಖ ತಾಳುವಂತೆ ಮಾರ್ಪಡಿಸಿದ ಅದರ ರೂಪಗಳು ಬಂದ ಮೇಲೆ ದಿನವೂ ಮೀಡಿಯಾ ಬದಲಿಸುವ ಅಗತ್ಯ ತಪ್ಪಿತು.

ನಮ್ಮ ಸೀಮೆಯವರಿಗೆ ಅನುಕೂಲವಿರುವುದು ಮೀಡಿಯಾದ ಕಚ್ಚಾವಸ್ತುವಿನಲ್ಲಿ ಎಂಬುದು ನನ್ನ ಎಣಿಕೆ. ಆದರೆ ಈ ದಾರಿಯಲ್ಲಿ ಹೋಗುವವರಿಗೆ "ಸ್ಥಳೀಯ ತ್ಯಾಜ್ಯ" ಎಂಬ ಮಾತಿನ ಮೋಹ ಬೇಗ ಅಂಟಿಕೊಳ್ಳುವುದರಿಂದ ಒಂದೊಂದನ್ನೂ ವಿವರವಾಗಿ ನೋಡುವುದು ಒಳ್ಳೆಯದು.

ಹಾಸನದ ಆಲೂಗಡ್ಡೆಯನ್ನೇ ತೆಗೆದುಕೊಳ್ಳಿ. ಮಾರುಕಟ್ಟೆಯಲ್ಲಿ ಬೇಡವಾದ ಸಣ್ಣ, ಒಡೆದ ಗೆಡ್ಡೆಗಳ ನೂರು ಕಿಲೊದಲ್ಲಿ ಹದಿನೈದು ಕಿಲೊದಷ್ಟು ಪಿಷ್ಟವಿರುತ್ತದೆ; ಆಲ್ಫಾ ಅಮೈಲೇಸ್ ಮತ್ತು ಗ್ಲೂಕೊಅಮೈಲೇಸ್ ಕಿಣ್ವಗಳಿಂದ ಅದನ್ನು ಪೂರ್ತಿ ಒಡೆದರೆ ಹದಿನಾರು ಕಿಲೊಗೂ ಮಿಕ್ಕಿ ಗ್ಲೂಕೋಸ್ ಸಿಗಬೇಕು. ಕೇಳಲು ಚೆನ್ನಾಗಿದೆ. ಈಗ ತೊಡಕುಗಳನ್ನು ನೋಡಿ. ಮೊದಲ ಕಿಣ್ವಕ್ಕೆ ತೊಂಬತ್ತು ಡಿಗ್ರಿಯ ಆಸುಪಾಸು, ಎರಡನೆಯದಕ್ಕೆ ಅರವತ್ತರ ಆಸುಪಾಸು ಶಾಖ ಬೇಕು. ಆ ಶಾಖವೂ ಲೆಕ್ಕದಲ್ಲಿ ಬರಬೇಕು. ಹಸಿರಾದ, ಮೊಳಕೆಯೊಡೆದ ಗೆಡ್ಡೆಗಳಲ್ಲಿ ಸೊಲನಿನ್ ಮತ್ತು ಚಾಕೊನಿನ್ ಹೆಚ್ಚಿರುತ್ತವೆ, ಅವು ಜೀವಕೋಶದ ಪೊರೆಯನ್ನೇ ಹಾಳುಮಾಡುವ ವಿಷಗಳು. ಮಣ್ಣಿನಿಂದ ಬಂದ ಗೆಡ್ಡೆಯ ಜೊತೆ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷ ಬರುತ್ತದೆ; ಆಟೋಕ್ಲೇವ್‌ನಲ್ಲಿ ಬ್ಯಾಕ್ಟೀರಿಯಾ ಸತ್ತರೂ ಎಂಡೋಟಾಕ್ಸಿನ್ ಉಳಿಯುತ್ತದೆ. ಇನ್ನು ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಹಾಸನದ ಎಪಿಎಂಸಿಗೆ ಬರುವುದನ್ನು ನೀವೆಲ್ಲ ಬಲ್ಲಿರಿ. ಆ ಎರಡು ಸಾವಿರ ಕಿಲೊಮೀಟರಿಗೂ ಮೀರಿದ ಸಾಗಾಟದಲ್ಲಿ ಬೇಡವಾದ ಗೆಡ್ಡೆಯ ಪಾಲು ಎಷ್ಟು ಎಂಬ ಪ್ರಶ್ನೆಗೆ ಪ್ರಬಂಧದಲ್ಲಿ ಉತ್ತರ ಇರಲೇಬೇಕು. ಆ ಗೆಡ್ಡೆ ಈಗ ದನದ ಮೇವಾಗಿ ಹೋಗುತ್ತಿದ್ದರೆ, ನೀವು ಅದನ್ನು ತೆಗೆದುಕೊಂಡ ಮೇಲೆ ದನಕ್ಕೆ ಬೇರೆ ಮೇವು ಎಲ್ಲಿಂದಲೋ ಬರಬೇಕು. ತ್ಯಾಜ್ಯ ಎಂದು ಕರೆದ ಮಾತ್ರಕ್ಕೆ ಯಾವುದರ ಇಂಗಾಲವೂ ಸೊನ್ನೆಯಾಗುವುದಿಲ್ಲ.

ಪನ್ನೀರು ಮಾಡುವಾಗ ಉಳಿಯುವ ಹಾಲೊಡಕು ನೀರು ನನಗೆ ಇದಕ್ಕಿಂತ ಆಸಕ್ತಿಕರವಾಗಿ ಕಾಣುತ್ತದೆ. ಅದರ ಲ್ಯಾಕ್ಟೋಸನ್ನು ಲ್ಯಾಕ್ಟೇಸ್ ಕಿಣ್ವದಿಂದ ಒಡೆದರೆ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎರಡೂ ಸಿಗುತ್ತವೆ. ಗ್ಯಾಲಕ್ಟೋಸನ್ನು ಜೀವಕೋಶಗಳು ನಿಧಾನವಾಗಿ ಸೇವಿಸುವುದರಿಂದ ಲ್ಯಾಕ್ಟೇಟ್ ಉತ್ಪತ್ತಿ ತಗ್ಗುತ್ತದೆ. ಔಷಧ ತಯಾರಿಕೆಗೆ ಬಳಸುವ ಸಿಎಚ್‌ಒ ಜೀವಕೋಶಗಳಲ್ಲಿ ಇದು ಚೆನ್ನಾಗಿ ತಿಳಿದಿರುವ ಸಂಗತಿ. ಕೋಳಿ ಅಥವಾ ಮೀನಿನ ಸ್ನಾಯುಕೋಶಗಳಿಗೆ ಹಾಲೊಡಕಿನ ಸಕ್ಕರೆಗಳನ್ನು ಯಾವ ಅನುಪಾತದಲ್ಲಿ ಕೊಟ್ಟರೆ ಬೆಳವಣಿಗೆ ಕುಂದದೆ ಲ್ಯಾಕ್ಟೇಟ್ ಇಳಿಯುತ್ತದೆ, ಅದರಿಂದ ಮೀಡಿಯಾ ಬದಲಾವಣೆ ಎಷ್ಟು ಉಳಿಯುತ್ತದೆ, ಆ ಉಳಿತಾಯ ಕಿಲೊ ಮಾಂಸಕ್ಕೆ ಎಷ್ಟು ಇಂಗಾಲ ಎಂಬ ಮೂರು ಕೊಂಡಿಗಳ ಪ್ರಶ್ನೆ ಒಂದು ಪ್ರಬಂಧಕ್ಕೆ ಹೇಳಿ ಮಾಡಿಸಿದಂತಿದೆ. ಪನ್ನೀರಿನ ಹಾಲೊಡಕಿನಲ್ಲಿ ಹಾಲು ಒಡೆಯಲು ಹಾಕಿದ ಹುಳಿ ಮತ್ತು ಹಾಲಿನ ಲವಣಗಳು ಉಳಿದಿರುತ್ತವೆ, ಅವನ್ನು ತೆಗೆಯುವ ಹಂತದ ಶಕ್ತಿವೆಚ್ಚವನ್ನೂ ಸೇರಿಸಿಕೊಳ್ಳಬೇಕಷ್ಟೆ.

ಅಮೈನೊ ಆಮ್ಲಗಳಿಗೆ ಕಡಲೆಕಾಯಿ ಹಿಂಡಿ, ಸೋಯಾ ಹಿಂಡಿ, ಅರಸೀಕೆರೆ ಕಡೆಯ ಕೊಬ್ಬರಿ ಹಿಂಡಿಗಳನ್ನು ಕಿಣ್ವದಿಂದ ಒಡೆದು ಬಳಸುವ ದಾರಿಯಿದೆ. ಹಿಂಡಿಯಲ್ಲಿ ಶಿಲೀಂಧ್ರದಿಂದ ಬರುವ ಅಫ್ಲಟಾಕ್ಸಿನ್‌ನ ಪರೀಕ್ಷೆ ಪ್ರತಿ ಮೂಟೆಗೂ ಬೇಕು. ಚಿಕ್ಕಮಗಳೂರಿನವರಿಗೆ ಕಾಫಿ ಹಣ್ಣಿನ ಸಿಪ್ಪೆ ಮೊದಲು ನೆನಪಿಗೆ ಬರುತ್ತದೆ. ಅದರ ಕೆಫೀನ್ ಮತ್ತು ಪಾಲಿಫಿನಾಲ್‌ಗಳು ಜೀವಕೋಶಕ್ಕೆ ಒಗ್ಗದ ಕಾರಣ ಮೀಡಿಯಾಕ್ಕೆ ಅದನ್ನು ಬಳಸುವುದು ಕಷ್ಟ. ಕಾಫಿ ಹೊಟ್ಟನ್ನು ಬಾಯ್ಲರ್ ಇಂಧನವಾಗಿ ಲೆಕ್ಕಕ್ಕೆ ತಂದರೆ ಅದರ ಉಪಯೋಗ ಹೆಚ್ಚು. ಮೇಲೆ ಹೇಳಿದ 111 ಯೂನಿಟ್ ಶಾಖವನ್ನು ಕರೆಂಟಿನ ಬದಲು ಹೊಟ್ಟಿನ ಹಬೆಯಿಂದ ಪಡೆದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ.

ಯಾವ ಜೀವಕೋಶ, ಯಾರ ಅನುಮತಿ

ಪರದೇಶದ ಲೇಖನಗಳಲ್ಲಿ ದನದ ಸ್ನಾಯುಕೋಶಗಳೇ ಹೆಚ್ಚು. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನಿನ ಕಾರಣ ಕಸಾಯಿಖಾನೆಯಿಂದ ದನದ ಅಂಗಾಂಶ ಪಡೆಯುವ ದಾರಿ ಇಲ್ಲ. ಹದಿಮೂರು ವರ್ಷ ಮೀರಿದ ಎಮ್ಮೆ, ಕೋಣಗಳ ವಿಷಯ ಬೇರೆ. ಕಾನೂನನ್ನು ಬದಿಗಿಟ್ಟು ನೋಡಿದರೂ, ನಮ್ಮ ಜನ ಹೆಚ್ಚಾಗಿ ತಿನ್ನುವ ಮಾಂಸ ಕೋಳಿ, ಮೀನು, ಕುರಿ. ಇಂಗಾಲದ ಹೋಲಿಕೆಯೂ ಅದರೊಂದಿಗೇ ನಡೆಯಬೇಕು. ಕೋಳಿಯ ಹೊರೆ ದನದ ಮಾಂಸದ ಹೊರೆಯ ಸಣ್ಣದೊಂದು ಪಾಲು ಮಾತ್ರ. ದನಕ್ಕೆ ಹೋಲಿಸಿ ಗೆದ್ದೆವೆಂದು ಬೀಗುವ ಪ್ರಬಂಧವನ್ನು, ಹಾಸನದ ಸಂತೆಯಲ್ಲಿ ಕೋಳಿ ಕೊಳ್ಳುವವರ ಮಟ್ಟಿಗೆ ಇದರ ಅರ್ಥವೇನು ಎಂದು ಪರೀಕ್ಷಕರು ಒಂದು ಪ್ರಶ್ನೆ ಕೇಳಿದರೆ ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ.

ಮೀನಿನ ಜೀವಕೋಶಗಳು ಇಪ್ಪತ್ತೆಂಟು ಡಿಗ್ರಿಯ ಒಳಗೇ ಬೆಳೆಯುವುದರಿಂದ ಇನ್ಕ್ಯುಬೇಟರ್ ಕರೆಂಟು ಉಳಿಯುತ್ತದೆ, ಆದ್ದರಿಂದ ಅದು ಕಡಿಮೆ ಇಂಗಾಲದ್ದು ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಲ್ಯಾಬ್‌ನಲ್ಲಿ ಅದು ನಿಜ. ದೊಡ್ಡ ರಿಯಾಕ್ಟರ್‌ನಲ್ಲಿ ಜೀವಕೋಶಗಳು ತಾವೇ ಶಾಖ ಉಂಟುಮಾಡುತ್ತವೆ, ಅಲ್ಲಿ ಕಾಯಿಸುವುದಕ್ಕಿಂತ ತಣಿಸುವುದು ದೊಡ್ಡ ಕೆಲಸ. ಮೂವತ್ತೇಳು ಡಿಗ್ರಿಯ ರಿಯಾಕ್ಟರನ್ನು ಸಾಧಾರಣ ಕೂಲಿಂಗ್ ಟವರ್ ನೀರೇ ತಣಿಸಬಲ್ಲದು. ಇಪ್ಪತ್ತೆರಡು ಡಿಗ್ರಿಯದಕ್ಕೆ ಚಿಲ್ಲರ್ ಬೇಕಾಗುತ್ತದೆ, ಚಿಲ್ಲರ್ ಕರೆಂಟು ಕುಡಿಯುತ್ತದೆ. ಮಲೆನಾಡಿನ ತಂಪು ಹವೆಗೂ ಬಯಲಿನ ಬೇಸಿಗೆಗೂ ಈ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತದೆ. ಎಂಜಿನಿಯರಿಂಗ್ ಹಿನ್ನೆಲೆಯವರಿಗೆ ಇಷ್ಟೇ ಒಂದು ಅಧ್ಯಾಯಕ್ಕೆ ಸಾಕಷ್ಟು ಸರಕು.

ಜೀವಂತ ಪ್ರಾಣಿಯಿಂದ ಅಂಗಾಂಶ ತೆಗೆಯುವುದಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ಜೀನ್ ಮಾರ್ಪಡಿಸಿದ ಜೀವಕೋಶವಾದರೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಅರ್ಜಿಗಳನ್ನು ಕೋರ್ಸ್ ವರ್ಕ್ ನಡೆಯುತ್ತಿರುವಾಗಲೇ ಹಾಕಿ. ಸಮಿತಿಗಳು ನಿಮ್ಮ ಅವಸರಕ್ಕೆ ಸೇರುವುದಿಲ್ಲ. ಬೆಳೆಸಿದ್ದನ್ನು ಯಾರಿಗೂ ತಿನ್ನಿಸಿ ನೋಡುವ ಯೋಚನೆ ಬೇಡ. ಬಳಕೆಯ ಇತಿಹಾಸವಿಲ್ಲದ ಆಹಾರಕ್ಕೆ 2017ರ ನಿಯಮಗಳಡಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಪೂರ್ವಾನುಮತಿ ಇರಬೇಕು.

ಗೈಡ್, ಸಂಸ್ಥೆ, ಫೆಲೋಶಿಪ್

ಈ ವಿಷಯಕ್ಕೆ ಒಬ್ಬರೇ ಗೈಡ್ ಸಾಲುವುದು ಅಪರೂಪ. ಜೀವಕೋಶ ಬಲ್ಲವರಿಗೆ ಜೀವನಚಕ್ರ ವಿಶ್ಲೇಷಣೆ (ಕಚ್ಚಾವಸ್ತುವಿನಿಂದ ಕೊನೆಯವರೆಗೆ ಪರಿಸರದ ಮೇಲಿನ ಹೊರೆಯನ್ನು ಲೆಕ್ಕ ಹಾಕುವ ವಿಧಾನ) ಹೊಸದು, ಅದನ್ನು ಬಲ್ಲ ಎಂಜಿನಿಯರಿಗೆ ಜೀವಕೋಶ ಹೊಸದು. ಮುಖ್ಯ ಗೈಡ್ ಒಂದು ಕಡೆಯವರು, ಸಹ ಗೈಡ್ ಇನ್ನೊಂದು ಕಡೆಯವರು ಆಗುವಂತೆ ಆರಂಭದಲ್ಲಿಯೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಹತ್ತಿರದಲ್ಲಿ ನೋಡಿದರೆ ಮೈಸೂರಿನ ಸಿಎಫ್‌ಟಿಆರ್‌ಐ ಆಹಾರ ತಂತ್ರಜ್ಞಾನಕ್ಕೆ, ಮಂಗಳೂರಿನ ಮೀನುಗಾರಿಕೆ ಕಾಲೇಜು ಮೀನಿನ ಜೀವಕೋಶಕ್ಕೆ, ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಜಾನುವಾರುಗಳ ಮೀಥೇನ್ ಅಂಕಿಗಳಿಗೆ ಒಳ್ಳೆಯ ನೆಲೆಗಳು. ಪತ್ರ ಬರೆಯುವಾಗ "ನಿಮ್ಮಲ್ಲಿ ಪಿಎಚ್‌.ಡಿ. ಅವಕಾಶವಿದೆಯೇ ಸರ್" ಎಂದು ಕೇಳುವುದಕ್ಕಿಂತ, ಮೇಲಿನಂಥ ಒಂದು ಪುಟದ ಲೆಕ್ಕವನ್ನು ಲಗತ್ತಿಸಿ "ಈ ಊಹೆಯಲ್ಲಿ ತಪ್ಪಿದ್ದರೆ ತಿಳಿಸಿ" ಎಂದು ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಪ್ರವೇಶದ ನಿಯಮಗಳು ಇತ್ತೀಚೆಗೆ ಬದಲಾಗಿವೆ. ಯುಜಿಸಿಯ 2022ರ ನಿಯಮಗಳಂತೆ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ, ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಪಡೆದವರೂ ನೇರವಾಗಿ ಅರ್ಹರು. 2024ರಿಂದ ನೆಟ್ ಅಂಕಗಳನ್ನು ಪ್ರವೇಶಕ್ಕೂ ಪರಿಗಣಿಸಲಾಗುತ್ತಿದೆ. ಪಶುವೈದ್ಯಕೀಯ ಮತ್ತು ಕೃಷಿ ವಿಶ್ವವಿದ್ಯಾಲಯಗಳ ದಾರಿ ಬೇರೆ, ಅಲ್ಲಿ ಐಸಿಎಆರ್‌ನ ಪರೀಕ್ಷೆ ನಡೆಯುತ್ತದೆ. ಎಂಜಿನಿಯರಿಂಗ್‌ನವರು ಗೇಟ್ ಬರೆದಿರಲಿ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಮೊತ್ತ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆಬಾಡಿಗೆ ಭತ್ಯೆ. ಹಣ ಬರುವುದು ತಡವಾಗುವುದುಂಟು. ಮೊದಲ ಕೆಲವು ತಿಂಗಳಿಗೆ ಮನೆಯವರೊಂದಿಗೆ ಮಾತಾಡಿ ಏರ್ಪಾಡು ಮಾಡಿಕೊಂಡಿರುವುದು ಕ್ಷೇಮ. ವಿದೇಶಕ್ಕೆ ಹೋಗುವ ಮನಸ್ಸಿದ್ದರೆ, ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2023ರಲ್ಲಿ 1.2 ಕೋಟಿ ಪೌಂಡ್ ಅನುದಾನದೊಂದಿಗೆ ಶುರುವಾದ ಕಾರ್ಮಾ ಕೇಂದ್ರ ಇದೇ ತಯಾರಿಕೆಯ ಪ್ರಶ್ನೆಗಳಿಗೆ ಮೀಸಲು. ಅಲ್ಲಿನ ಅನೇಕ ವಿದ್ಯಾರ್ಥಿವೇತನಗಳು ಸ್ಥಳೀಯರ ದರದ ಶುಲ್ಕವನ್ನು ಮಾತ್ರ ಭರಿಸುತ್ತವೆ, ಪ್ರಕಟಣೆಯ ಸಣ್ಣ ಅಕ್ಷರಗಳನ್ನು ಓದಿಯೇ ಅರ್ಜಿ ಹಾಕಿ.

ಲ್ಯಾಬ್‌ನಲ್ಲಿ ಮೊದಲ ದಿನದಿಂದ ಅಳೆಯಿರಿ

ಇನ್ಕ್ಯುಬೇಟರ್, ಬಯೋಸೇಫ್ಟಿ ಕ್ಯಾಬಿನೆಟ್, ಮೈನಸ್ ಎಂಬತ್ತರ ಫ್ರೀಜರ್, ಆಟೋಕ್ಲೇವ್, ಇವುಗಳ ಪ್ಲಗ್ಗಿಗೆ ಕೂರಿಸುವ ಯೂನಿಟ್ ಮೀಟರ್ ದುಬಾರಿಯದೇನಲ್ಲ. ಪ್ರತಿಯೊಂದಕ್ಕೂ ಒಂದು ಹಾಕಿಸಿ, ಆಟೋಕ್ಲೇವಿನಂಥ ದೊಡ್ಡ ಲೋಡಿಗೆ ಎಲೆಕ್ಟ್ರಿಷಿಯನ್ನಿಂದ ಪ್ರತ್ಯೇಕ ಮೀಟರ್ ಕೂರಿಸಿಕೊಳ್ಳಿ. ಪ್ರಯೋಗದ ನೋಟ್‌ಬುಕ್ಕಿನಲ್ಲಿ ಜೀವಕೋಶದ ಎಣಿಕೆಯ ಪಕ್ಕದ ಕಾಲಮ್ಮಿನಲ್ಲಿಯೇ ಯೂನಿಟ್ ಓದಿಕೆ, ಬಳಸಿದ ಮೀಡಿಯಾ ಮಿಲಿಲೀಟರಿನಲ್ಲಿ, ಬಿಸಾಡಿದ ಪ್ಲಾಸ್ಟಿಕ್ ಗ್ರಾಂನಲ್ಲಿ, ಶುದ್ಧೀಕರಿಸಿದ ನೀರು ಲೀಟರಿನಲ್ಲಿ ಬರಲಿ. ಕರೆಂಟು ಹೋಗಿ ಜನರೇಟರ್ ಓಡಿದ ಗಂಟೆಗಳನ್ನೂ ಬರೆಯಿರಿ. ಡೀಸೆಲ್ಲಿನ ಇಂಗಾಲ ಗ್ರಿಡ್ಡಿನದ್ದಲ್ಲ. ಮಳೆಗಾಲದಲ್ಲಿ ಮಲೆನಾಡಿನ ಲ್ಯಾಬಿಗೆ ಇದು ಸಣ್ಣ ಅಂಕಿಯಾಗಿರುವುದಿಲ್ಲ.

ಲ್ಯಾಬಿನ ಅಂಕಿಯನ್ನು ನೇರವಾಗಿ ಕಾರ್ಖಾನೆಗೆ ಗುಣಿಸಬಾರದು ಎಂಬುದನ್ನೂ ನೆನಪಿಡಿ. ನೂರು ಮಿಲಿಲೀಟರಿನ ಫ್ಲಾಸ್ಕಿಗಾಗಿ ದಿನವಿಡೀ ಓಡುವ ಇನ್ಕ್ಯುಬೇಟರಿನ ಕರೆಂಟನ್ನು ಕಿಲೊಗೆ ಏರಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಲ್ಯಾಬಿನಿಂದ ಮುಂದೆ ಒಯ್ಯಬೇಕಾದದ್ದು ಜೀವಕೋಶಕ್ಕೆ ಸೇರಿದ ಗುಣಾಂಕಗಳನ್ನು: ಬೆಳವಣಿಗೆಯ ವೇಗ, ಗ್ಲೂಕೋಸ್ ಮತ್ತು ಆಮ್ಲಜನಕದ ಸೇವನೆ, ಲ್ಯಾಕ್ಟೇಟ್, ಅಮೋನಿಯಾ. ಕಲಕುವಿಕೆ, ಗಾಳಿ ಹಾಯಿಸುವಿಕೆ, ತಣಿಸುವಿಕೆ, ತೊಳೆಯುವಿಕೆಗಳನ್ನು ಎಂಜಿನಿಯರಿಂಗ್ ಸಮೀಕರಣಗಳಿಂದ ದೊಡ್ಡ ಪ್ರಮಾಣಕ್ಕೆ ಹೊಸದಾಗಿ ಕಟ್ಟಬೇಕು. ಮೀಟರಿನ ಓದಿಕೆಯ ಉಪಯೋಗ ಬೇರೆ: ನಿಮ್ಮ ಸಂಶೋಧನೆಯ ಹೊರೆ ಎಷ್ಟು ಎಂಬುದಕ್ಕೂ, ಸಮೀಕರಣದ ಫಲ ಊಹೆಗೆ ತೀರಾ ದೂರವಿಲ್ಲವೆಂದು ತಾಳೆ ನೋಡುವುದಕ್ಕೂ ಅದು ಬೇಕಾಗುತ್ತದೆ.

ಜೀವನಚಕ್ರ ವಿಶ್ಲೇಷಣೆ

ಐಎಸ್‌ಒ 14040 ಮತ್ತು 14044 ಮಾನದಂಡಗಳು ಇದರ ವ್ಯಾಕರಣ. ಓಪನ್‌ಎಲ್‌ಸಿಎ ತಂತ್ರಾಂಶ ಉಚಿತ; ಪೈಥಾನ್ ಬಲ್ಲವರಿಗೆ ಬ್ರೈಟ್‌ವೇ ಇದೆ. ದತ್ತಾಂಶ ಸಂಗ್ರಹವಾದ ಇಕೋಇನ್ವೆಂಟ್‌ಗೆ ಹಣ ಕೊಡಬೇಕು, ಸಂಸ್ಥೆಯ ಪರವಾನಗಿ ಇದೆಯೇ ಎಂದು ಮೊದಲೇ ವಿಚಾರಿಸಿ.

ಹೋಲಿಕೆಯ ಘಟಕ ಯಾವುದು ಎಂಬಲ್ಲಿಯೇ ಅರ್ಧ ಜಗಳ ಇರುವುದು. "ಒಂದು ಕಿಲೊ" ಎಂದರೆ ಸಾಲದು. ರಿಯಾಕ್ಟರಿನಿಂದ ಬಂದ ಜೀವಕೋಶದ ಮುದ್ದೆಯಲ್ಲಿ ನೀರು ಹೆಚ್ಚು, ಕೋಳಿಯ ಮಾಂಸದಲ್ಲಿ ಪ್ರೋಟೀನ್ ಹೆಚ್ಚು. ಕಿಲೊ ಲೆಕ್ಕವನ್ನೂ ನೂರು ಗ್ರಾಂ ಪ್ರೋಟೀನಿನ ಲೆಕ್ಕವನ್ನೂ ಎರಡೂ ಕೊಡಿ. ಮೀಥೇನನ್ನು ನೂರು ವರ್ಷದ ಅಳತೆಯಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು ಎಂದು ಹಿಡಿಯುವ ವಾಡಿಕೆಯ ಜೊತೆಗೆ, ಲಿಂಚ್ ಮತ್ತು ಪಿಯರ್‌ಹಂಬರ್ಟ್ ಎತ್ತಿದ ಆಕ್ಷೇಪಣೆಗೆ ಉತ್ತರವಾಗಿ ಕಾಲಾನುಕ್ರಮದ ಲೆಕ್ಕವನ್ನೂ ಸೇರಿಸಿದರೆ ಪ್ರಬಂಧಕ್ಕೆ ತೂಕ ಬರುತ್ತದೆ. ಕರೆಂಟಿಗೆ ಒಂದೇ ಅಂಕಿ ಬೇಡ: ರಾಷ್ಟ್ರೀಯ ಗ್ರಿಡ್ಡಿನ 0.7, ಸೌರ ವಿದ್ಯುತ್ತು, ಇವೆರಡರ ಮಿಶ್ರಣ ಎಂದು ಮೂರು ಸನ್ನಿವೇಶ ಇಡಿ. ಶರಾವತಿಯ ಜಲವಿದ್ಯುತ್ತು, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕು ನಮ್ಮ ರಾಜ್ಯದಲ್ಲಿಯೇ ಇವೆ ನಿಜ. ಆದರೆ ಅವುಗಳ ಕರೆಂಟು ಈಗಾಗಲೇ ಯಾರದೋ ಮನೆಯಲ್ಲಿ ಉರಿಯುತ್ತಿದೆ, ನಿಮ್ಮ ರಿಯಾಕ್ಟರ್ ಅದನ್ನು ತೆಗೆದುಕೊಂಡರೆ ಆ ಮನೆಗೆ ರಾಯಚೂರಿನ ಕಲ್ಲಿದ್ದಲ ಕರೆಂಟು ಹೋಗುತ್ತದೆ. ರಿಯಾಕ್ಟರ್ ರಾತ್ರಿಯೂ ಓಡಬೇಕೆಂಬುದನ್ನು ಸೌರ ಸನ್ನಿವೇಶದಲ್ಲಿ ಮರೆಯುವವರು ಬಹಳ. ಬ್ಯಾಟರಿಯ ಹೊರೆ ಸೇರಿಸದ ಸೌರ ಲೆಕ್ಕವನ್ನು ನಾನು ನಂಬುವುದಿಲ್ಲ.

ಪ್ರತಿ ಊಹೆಗೂ ಒಂದು ಕೆಳಮಿತಿ, ಒಂದು ಮೇಲ್ಮಿತಿ ಕೊಟ್ಟು ಸಾವಿರಾರು ಸಲ ಓಡಿಸಿದರೆ ಫಲಿತಾಂಶ ಒಂದು ಸಂಖ್ಯೆಯ ಬದಲು ಒಂದು ಹರಹಾಗಿ ಬರುತ್ತದೆ. ಆ ಹರಹು ಯಾವ ಊಹೆಯಿಂದ ಹೆಚ್ಚು ಹಿಗ್ಗುತ್ತದೆಯೋ ಅಲ್ಲಿಗೆ ನಿಮ್ಮ ಮುಂದಿನ ಪ್ರಯೋಗವನ್ನು ತಿರುಗಿಸಿ.

ಸಿನಾಪ್ಸಿಸ್

ಐದಾರು ಪುಟ ಸಾಕು. ಪ್ರಶ್ನೆ, ಮೊದಲ ಲೆಕ್ಕ, ಅದರಲ್ಲಿ ಯಾವ ಗುಣಾಂಕ ಅನಿಶ್ಚಿತ, ಅದನ್ನು ಅಳೆಯುವ ವಿಧಾನ, ಅನುಮತಿಗಳು, ಉಪಕರಣಗಳು ಎಲ್ಲೆಲ್ಲಿ ಲಭ್ಯ ಎಂಬ ಕ್ರಮದಲ್ಲಿ ಬರೆಯಿರಿ. ಸಲಹಾ ಸಮಿತಿ ಖಂಡಿತ ಕೇಳುವ ಪ್ರಶ್ನೆ ಒಂದಿದೆ: ಹಾಲೊಡಕಿನಲ್ಲಿ ಜೀವಕೋಶ ಬೆಳೆಯದೇ ಹೋದರೆ? ಆಗಲೂ, ಯಾವ ಹಂತದ ಶುದ್ಧೀಕರಣದವರೆಗೆ ಹೋದರೆ ಬೆಳೆಯುತ್ತದೆ, ಅಲ್ಲಿಯವರೆಗೆ ಹೋದಾಗ ಇಂಗಾಲದ ಲಾಭ ಉಳಿಯುತ್ತದೆಯೇ ಎಂಬ ಉತ್ತರ ಸಿಗುವಂತೆ ಪ್ರಯೋಗಗಳನ್ನು ಜೋಡಿಸಿಡಿ. ಲಾಭ ಉಳಿಯುವುದಿಲ್ಲ ಎಂದು ಗೊತ್ತಾದರೆ ಅದನ್ನೂ ಅಂಕಿಸಹಿತ ಪ್ರಕಟಿಸಬಹುದು ಎಂದು ಸಿನಾಪ್ಸಿಸ್‌ನಲ್ಲಿಯೇ ಒಂದು ವಾಕ್ಯ ಬರೆದಿಟ್ಟು, ಗೈಡ್ ಮತ್ತು ಸಹ ಗೈಡ್ ಇಬ್ಬರ ಸಹಿಯನ್ನೂ ಅದರ ಕೆಳಗೆ ಪಡೆದುಕೊಳ್ಳಿ.